ಭೋಜರಾಜರ ಸ್ಮರಣಾರಾಧನೆ

ಪುರಸೈವಾಕ್ಕಂನ ಕನ್ನಡ ಲೂಥರನ್ ಸಭೆಯಲ್ಲಿ ಎರಡು ವರ್ಷಗಳಿಂದ ಯಾರೂ ಸತ್ತಿಲ್ಲ. ಅಧ್ಯಕ್ಷರ ಚುನಾವಣೆ ಮುಗಿಯುವವರೆಗೆ ಯಾವ ಸದಸ್ಯರ ಮರಣವನ್ನೂ ಅಂಗೀಕರಿಸತಕ್ಕದ್ದಲ್ಲವೆಂದು ಸಭೆಯ ಎರಡೂ ಬಣಗಳು ಪ್ರಾರ್ಥನಾಪೂರ್ವಕವಾಗಿ ನಿರ್ಣಯಿಸಿದ್ದವು. ಒಂದು ಬಣದ ಮತದಾರ ತೀರಿಕೊಂಡರೆ ಇನ್ನೊಂದು ಬಣಕ್ಕೆ ಅನ್ಯಾಯವಾಗಿ ಲಾಭವಾಗುತ್ತದೆ; ಅದು ಕ್ರೈಸ್ತ ಧರ್ಮಕ್ಕೆ ಒಪ್ಪುವ ಮಾತಲ್ಲ.

ವಾಸಂತಿ ಟೀಚರಿಗೆ ಇದು ತಿಳಿದದ್ದು ಗಂಡ ಭೋಜರಾಜರ ಮೊದಲ ವರ್ಷದ ಸ್ಮರಣಾರಾಧನೆ ಕೇಳಲು ಹೋದಾಗ. ಅವರಿಗೆ ಬೇಕಾಗಿದ್ದದ್ದು ಇಷ್ಟೇ: ಒಂದು ಭಾನುವಾರ ಪ್ರಸಂಗಪೀಠದಿಂದ ‘ನಮ್ಮನ್ನಗಲಿದ ಸಹೋದರ ಭೋಜರಾಜ’ ಎಂದು ಒಮ್ಮೆ ಓದಬೇಕು. ವಾಸಂತಿಯವರ ದೀಕ್ಷಾಸ್ನಾನ, ಮದುವೆ ಎಲ್ಲವೂ ಆ ಪೀಠದ ಮುಂದೆಯೇ ಆಗಿದ್ದವು. ಅಲ್ಲಿಂದ ಸುಳ್ಳು ಬರುವುದಿಲ್ಲವೆಂದು ಮಗ್ಗಿಯನ್ನು ನಂಬಿದಂತೆ ನಂಬಿದ್ದರು.

“ಭೋಜಣ್ಣ ತೀರಿಕೊಂಡಿದ್ದು ನಮಗೂ ತುಂಬ ದುಃಖ, ಟೀಚರ್,” ಎಂದ ಕಾರ್ಯದರ್ಶಿ ಅಭಿಲಾಷ್. “ಆದರೆ ಅವರಿನ್ನೂ ತೀರಿಕೊಂಡಿಲ್ಲ.”

“ಗುಂಡಿಗೆ ಮಣ್ಣು ಹಾಕಿದವನು ನೀನೇ ಅಲ್ವೇನಪ್ಪಾ?”

“ಅದು ವೈಯಕ್ತಿಕವಾಗಿ. ಕಾರ್ಯದರ್ಶಿಯಾಗಿ ಹಾಕಲಿಲ್ಲ. ಎಲೆಕ್ಷನ್ ಮುಗೀಲಿ, ಟೀಚರ್.”

ಎಲೆಕ್ಷನ್ ಬಂತು. ಎರಡೂ ಬಣ ಒಪ್ಪುವ ಅಭ್ಯರ್ಥಿ ಬೇಕಾಯಿತು. ಕಳೆದ ವರ್ಷವಿಡೀ ಯಾರನ್ನೂ ಬೈಯದೆ, ಪಕ್ಷ ಬದಲಿಸದೆ, ಸಭೆಯ ವ್ಯಾನಿನಲ್ಲಿ ತಿರುಪತಿ ದಾರಿಯ ಮಾವಿನ ತೋಟಕ್ಕೆ ಪಿಕ್‌ನಿಕ್ ಹೋಗದೆ ಇದ್ದ ಸದಸ್ಯ ಒಬ್ಬರೇ ಸಿಕ್ಕರು. ಭೋಜರಾಜರು ಅವಿರೋಧವಾಗಿ ಆಯ್ಕೆಯಾದರು.

ಮುಂದಿನ ಭಾನುವಾರ ಪಾಸ್ಟರ್ ಗಂಭೀರವಾಗಿ ಪ್ರಕಟಿಸಿದರು: “ನೂತನ ಅಧ್ಯಕ್ಷರು ಅನಿವಾರ್ಯ ಕಾರಣದಿಂದ ಬಂದಿಲ್ಲ. ಅವರ ದೀರ್ಘಾಯುಷ್ಯಕ್ಕಾಗಿ ಪ್ರಾರ್ಥಿಸೋಣ.”

ಇಡೀ ಸಭೆ ಆಮೆನ್ ಎಂದಿತು. ಹುಟ್ಟಿದ ಮೇಲೆ ಮೊದಲ ಸಲ ವಾಸಂತಿಯವರ ಬಾಯಿಂದ ಆಮೆನ್ ಹೊರಡಲಿಲ್ಲ. ಪಕ್ಕದಲ್ಲಿದ್ದ ರತ್ನಾವತಿ ಮೊಣಕೈಯಿಂದ ತಿವಿದರು. “ಕಟ್ಟಿಕೊಂಡ ಗಂಡನಿಗೆ ಒಂದು ಆಮೆನ್ ಹೇಳೋಕಾಗಲ್ವೇನ್ರೀ?”

ಆರಾಧನೆ ಮುಗಿದ ಕೂಡಲೇ ವಾಸಂತಿ ಅಭಿಲಾಷನನ್ನು ಹಿಡಿದರು. “ಎಲೆಕ್ಷನ್ ಆಯ್ತಲ್ಲ. ಇನ್ನಾದರೂ ಅವರು ಸಾಯಬಹುದಾ?”

“ಅಧಿಕಾರದಲ್ಲಿದ್ದಾಗ ಸತ್ತರೆ ಮತ್ತೆ ಎಲೆಕ್ಷನ್ ಮಾಡಬೇಕಾಗುತ್ತೆ, ಟೀಚರ್. ಸ್ಮರಣಾರಾಧನೆ ಬೇಕೇ ಬೇಕು ಅಂದ್ರೆ ಅಧ್ಯಕ್ಷರ ಒಪ್ಪಿಗೆ ತನ್ನಿ.”

ವಾಸಂತಿ ಆಟೊ ಹತ್ತಿ ಕೀಲ್ಪಾಕ್ಕಂ ಸಮಾಧಿಸ್ಥಳಕ್ಕೆ ಹೋದರು. ಗಂಡನ ಕಲ್ಲಿಗೆ ಎರಡೂ ಬಣದವರು ಒಂದೊಂದು ಜರಿ ಶಾಲು ಹೊದಿಸಿ ಗುಲಾಬಿ ಹಾರ ಹಾಕಿದ್ದರು. ಮುಂದೆ ಉದ್ದನೆಯ ಸಾಲು: ಮದುವೆ ಹಾಲ್ ಬೇಕಾದವರು, ಹೊಸ ನಿಲುವಂಗಿ ಬೇಕಾದ ಗಾಯನವೃಂದದವರು, ಕೊನೆಯಲ್ಲಿ ಪೋರೂರಿಗೆ ವರ್ಗ ಬೇಡವೆನ್ನಲು ಬಂದ ಪಾಸ್ಟರ್.

ವಾಸಂತಿ ನೇರ ಮುಂದಕ್ಕೆ ನಡೆದಾಗ ಕಾವಲುಗಾರ ಕೋಲು ಅಡ್ಡ ಹಿಡಿದು, ಸಾಲಿನ ಕೊನೆಗೆ ಹೋಗಿ ನಿಲ್ಲುವಂತೆ ಕೈ ತೋರಿಸಿದ. “ಲೈನ್‌ಲ ವಾಂಗಮ್ಮಾ.”

“ನಮ್ಮ ಅಧ್ಯಕ್ಷರ ತಾಳ್ಮೆ ಯಾರಿಗೂ ಬರಲ್ಲ, ಟೀಚರ್,” ಎಂದು ಪಾಸ್ಟರ್ ಪಿಸುಗುಟ್ಟಿದರು. “ಎಷ್ಟು ಹೇಳಿದರೂ ಕೇಳಿಸಿಕೊಳ್ತಾರೆ.”

“ಮನೆಯಲ್ಲಿ ಈ ಗುಣ ಇರಲಿಲ್ಲ,” ಎಂದು ವಾಸಂತಿ ಸೆರಗು ಸರಿಪಡಿಸಿಕೊಂಡು, ಅವರ ಹಿಂದೆ ನಿಂತರು.