ಬೀಗರ ಹೆಬ್ಬಾತುಗಳು

ಮನುಷ್ಯರಲ್ಲಿ ಎರಡೇ ಜಾತಿ ಎಂದು ನಾನು ಬಹಳ ಕಾಲ ನಂಬಿದ್ದೆ. ಹಕ್ಕಿ ಕಂಡರೆ ಕಲ್ಲು ಹುಡುಕುವವರು ಒಂದು, ಕಂಡರೂ ಕಾಣದಂತೆ ತಮ್ಮ ಪಾಡಿಗೆ ಹೋಗುವವರು ಇನ್ನೊಂದು. ನಮ್ಮ ಅಣ್ಣ ಮೊದಲನೆಯ ಜಾತಿ, ನಾನು ಎರಡನೆಯದು. ಹಕ್ಕಿ ನೋಡುವುದಕ್ಕೆಂದೇ ನಸುಕಿನಲ್ಲಿ ಎದ್ದು, ಎತ್ತಿನ ಕೊರಳಿನ ಗಂಟೆಯ ಹಾಗೆ ದುರ್ಬೀನು ಜೋತುಹಾಕಿಕೊಂಡು, ಕೆರೆಯ ಏರಿಯ ಮೇಲೆ ಬೋರಲು ಬೀಳುವ ಮೂರನೆಯ ಜಾತಿಯೊಂದು ಇದೆಯೆಂದು ನನಗೆ ತಿಳಿದದ್ದು ಮಗಳ ಮದುವೆಯಾದ ಮೇಲೆ. ಸಂಬಂಧ ಕುದುರಿಸುವಾಗ ನಾವೇನೂ ಕಣ್ಣು ಮುಚ್ಚಿಕೊಂಡಿರಲಿಲ್ಲ. ಹುಡುಗನ ನೌಕರಿ ವಿಚಾರಿಸಿದೆವು, ಮನೆತನ ವಿಚಾರಿಸಿದೆವು, ಅವನಿಗೆ ಸಿಗರೇಟಿನ ಚಟ ಇದೆಯೋ ಎಂದು ಅವರ ಓಣಿಯ ಪಾನ್ ಅಂಗಡಿಯಲ್ಲೂ ವಿಚಾರಿಸಿದೆವು. ಹುಡುಗನ ಅಪ್ಪನಿಗೆ ಏನು ಚಟ ಎಂದು ಮಾತ್ರ ಕೇಳಲಿಲ್ಲ. ಯಾರು ತಾನೆ ಕೇಳುತ್ತಾರೆ?

ಬೀಗರು ಧಾರವಾಡದವರು, ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹುಟ್ಟಿದ್ದು ನವಲಗುಂದದ ಕಡೆಯ ಒಕ್ಕಲುತನದ ಮನೆಯಲ್ಲಿ. ಆದರೆ ಎರೆಮಣ್ಣನ್ನೆಲ್ಲ ಎಂದೋ ಸಾಬೂನು ಹಚ್ಚಿ ತೊಳೆದುಕೊಂಡು, ಈಗ ದೂರ ನಿಂತು ಪ್ರಕೃತಿಯ ಬಗ್ಗೆ ಮಾತಾಡುವ ಮಟ್ಟಕ್ಕೆ ಏರಿದ್ದಾರೆ. ನಾನು ರಾಣೆಬೆನ್ನೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ, ಮನೆ ಹಾವೇರಿಯಲ್ಲಿ. ಅಗಡಿಯ ಕಡೆ ಒಂದು ಕೆರೆಯ ಮಗ್ಗುಲಿಗೆ ನಮ್ಮ ಹಿರಿಯರ ಹೊಲವಿದೆ. ಅದನ್ನು ಮಾಡಿಸುವವನು ಅಣ್ಣ ಫಕೀರಪ್ಪ, ಅವ್ವ ಇರುವುದೂ ಅವನ ಹತ್ತಿರವೇ. ದೀಪಾವಳಿ ಕಳೆದು ಚಳಿ ಬಿದ್ದರೆ ಆ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಹಿಮಾಲಯದ ಆಚೆಯಿಂದ ಹೊರಟು, ಅಷ್ಟು ದೊಡ್ಡ ದೇಶವನ್ನು ದಾಟಿ, ಬೇರೆಲ್ಲೂ ನೀರೇ ಇಲ್ಲವೇನೋ ಎಂಬಂತೆ ನಮ್ಮ ಹೊಲದ ಪಕ್ಕಕ್ಕೇ ಬರುತ್ತವೆ. ಅವು ಬಂದ ವಾರದೊಳಗೆ ಧಾರವಾಡದಿಂದ ಬೀಗರೂ ಬಂದಿಳಿಯುತ್ತಾರೆ. ಇಬ್ಬರೂ ಉತ್ತರದಿಂದಲೇ ಬರುವುದು, ಇಬ್ಬರಿಗೂ ಹೇಳಿಕೆ ಕಳಿಸಿದವರಿಲ್ಲ. ಬಿಸಿಲು ಚುರುಗುಟ್ಟಿ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ಘಾಟು ಏಳುವ ಹೊತ್ತಿಗೆ ಇಬ್ಬರೂ ಹೊರಡುತ್ತಾರೆ. ಒಂದೇ ವ್ಯತ್ಯಾಸವೆಂದರೆ, ಹಕ್ಕಿಗಳು ರಾತ್ರಿ ಉಳಿಯುವುದು ಕೆರೆಯಲ್ಲಿ.

ಈ ಹೆಬ್ಬಾತುಗಳು ಬರೀ ನೀರು ಕುಡಿದು ಬದುಕುವ ಸನ್ಯಾಸಿಗಳೆಂದು ತಿಳಿಯಬೇಡಿ. ಅವು ಮುಂಜಾನೆ ಮೇಯುವುದು ನಮ್ಮ ಕಡಲೆಯನ್ನು. ಎಳೆ ಕುಡಿಯಿಂದ ಹಿಡಿದು ಹಸಿ ಕಾಯಿಯವರೆಗೆ ಅವಕ್ಕೆ ಬೇಡವಾದದ್ದು ಒಂದೂ ಇಲ್ಲ. ಅಣ್ಣ ಪ್ರತಿ ವರ್ಷ ಒಂದು ಎಣ್ಣೆ ಡಬ್ಬಿ, ಒಂದು ಬಡಿಗೆ ಹಿಡಿದು, ಜೊತೆಗೆ ಅಚ್ಚುಹಾಕಲಾಗದ ಬೈಗುಳಗಳನ್ನೂ ಒಯ್ದು ಅವನ್ನು ಓಡಿಸುತ್ತಿದ್ದ. ಮೊದಲ ಚಳಿಗಾಲವೇ ಬೀಗರು ಅದನ್ನು ಕಂಡು ಎದೆ ಹಿಡಿದುಕೊಂಡರು. ಹಿಮಾಲಯವನ್ನು ದಾಟಿ ಬಂದ ಅತಿಥಿಗೆ ಡಬ್ಬಿ ಬಡಿಯುವುದೇ ಎಂದು ಕೇಳಿದರು. ಹೆಣ್ಣು ಕೊಟ್ಟ ಮನೆಯವರು ನಾವು, ಬೀಗರು ಹಗಲನ್ನು ರಾತ್ರಿ ಎಂದರೂ ದೀಪ ಹುಡುಕಬೇಕಾದವರು. ಆ ದಿನವೇ ಡಬ್ಬಿ ಅಟ್ಟ ಸೇರಿತು. ಅಣ್ಣ ಆಗಿನಿಂದ ನನ್ನ ಕಡೆ ನೋಡುವ ನೋಟವೇ ಬೇರೆಯಾಯಿತು. ಅವನ ಲೆಕ್ಕದಲ್ಲಿ ಮಗಳನ್ನು ಕೊಟ್ಟವನು ನಾನು, ಕಡಲೆ ಕೊಡುತ್ತಿರುವವನು ಅವನು.

ಬೀಗರು ಬಂದರೆ ಮನೆಯೂ ಅಭಯಾರಣ್ಯವಾಗುತ್ತದೆ. ನಸುಕಿನಲ್ಲಿ ಕೆಮ್ಮಬಾರದು, ಯಾಕೆಂದರೆ ಕೆಮ್ಮುವ ಚಾಳಿ ಕೆರೆಯವರೆಗೂ ಬರುತ್ತದಂತೆ. ಬಿಳಿ ಅಂಗಿ ತೊಡಬಾರದು, ಹಕ್ಕಿಗೆ ಕಣ್ಣು ಕುಕ್ಕುತ್ತದಂತೆ. ನನ್ನಾಕೆ ಬ್ಯಾಡಗಿಯ ಮಗಳು, ಒಣಮೆಣಸಿನಕಾಯಿ ಹಾಕದೆ ಒಗ್ಗರಣೆ ಕೊಟ್ಟವಳಲ್ಲ. ಆ ಘಾಟಿಗೆ ಬೀಗರು ಒಮ್ಮೆ ಸೀನಲು ಶುರುಮಾಡಿದವರು ಏರಿಯ ಮೇಲೂ ಸೀನುತ್ತಲೇ ಇದ್ದುದರಿಂದ ಅವಳ ಒಗ್ಗರಣೆಗೂ ನಿಷೇಧ ಬಿತ್ತು. ನಾವು ಏನಾದರೂ ಕೇಳಲು ಬಾಯಿ ತೆರೆದರೆ ಸಾಕು, ಬೀಗರು ತೋರುಬೆರಳನ್ನು ತುಟಿಯ ಮೇಲಿಟ್ಟು ಕಣ್ಣು ಅರಳಿಸುತ್ತಿದ್ದರು. ಮಾತಾಡದೆ ಬೀಗರ ಉಪಚಾರ ಮಾಡುವುದು ಹೇಗೆಂದು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಇನ್ನೊಂದು ರೊಟ್ಟಿ, ಇನ್ನೊಂದು ಸೌಟು ಎಂದು ಬಾಯಿಬಿಟ್ಟು ಒತ್ತಾಯ ಮಾಡದಿದ್ದರೆ ಅದು ಉಪಚಾರವೇ ಅಲ್ಲ.

ಒಂದು ಸಲ ರಾಣೆಬೆನ್ನೂರಿನ ಕೃಷ್ಣಮೃಗಗಳ ಹುಲ್ಲುಗಾವಲಿಗೂ ಕರೆದೊಯ್ಯಬೇಕಾಯಿತು. ಅಲ್ಲಿ ಎರೆಭೂತ ಎಂಬ ದೊಡ್ಡ ಹಕ್ಕಿಯೊಂದು ಹಿಂದೊಮ್ಮೆ ಇತ್ತಂತೆ. ಈಗ ಇದೆ ಎನ್ನುವವರೂ ಇದ್ದಾರೆ, ಇಲ್ಲ ಎನ್ನುವವರೂ ಇದ್ದಾರೆ, ಕಂಡವರು ಮಾತ್ರ ಸಿಗುವುದಿಲ್ಲ. ನಾನು ರಜೆ ಹಾಕಿ ದಿನವಿಡೀ ಬಿಸಿಲಲ್ಲಿ ಅವರ ಹಿಂದೆ ನಡೆದೆ. ಕಾಲಿಗೆ ಮುಳ್ಳು ನೆಟ್ಟಿತು, ಜಿಂಕೆ ಕಂಡವು, ನಮ್ಮ ಬ್ಯಾಂಕಿನ ಮ್ಯಾನೇಜರೂ ಕಂಡರು. ನಾನು ಅನಾರೋಗ್ಯದ ರಜೆ ಹಾಕಿದ್ದು ಅವರಿಗೆ ನೆನಪಿತ್ತು. ಎರೆಭೂತ ಮಾತ್ರ ಕಾಣಲಿಲ್ಲ. ಆದರೂ ಬೀಗರು ಮರಳುವಾಗ ಬಸ್ಸಿನಲ್ಲಿ ಕಾಣದ ಹಕ್ಕಿಯ ಬಗ್ಗೆ ಊರು ಬರುವವರೆಗೆ ಮಾತಾಡಿದರು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಎರಡನೆಯ ಚಳಿಗಾಲ ಬೀಗರು ಹೊಸ ಡಿಜಿಟಲ್ ಕ್ಯಾಮೆರಾ ಕೊಂಡುಕೊಂಡರು. ಆಗ ಅದಿನ್ನೂ ನಮ್ಮ ಊರುಗಳಲ್ಲಿ ಅಪರೂಪದ ವಸ್ತು. ಹೆಬ್ಬಾತುಗಳ ಹಿಂಡು ಹತ್ತಿರದಿಂದ ಸಿಕ್ಕ ಒಂದು ಚಿತ್ರ ಅವರಿಗೆ ಬೇಕಿತ್ತು. ಹಕ್ಕಿಗಳೋ ಕೆರೆಯ ನಟ್ಟನಡುವೆ ಕೂತು, ಚಿತ್ರದಲ್ಲಿ ಎಳ್ಳುಕಾಳಿನಷ್ಟೇ ಬೀಳುತ್ತಿದ್ದವು. ಬೀಗರ ಮುಖ ದಿನದಿಂದ ದಿನಕ್ಕೆ ಗಂಟಾಗತೊಡಗಿತು. ಅಷ್ಟರಲ್ಲಿ ಧಾರವಾಡದಿಂದ ಮಗಳ ಫೋನು ಬಂತು. ಚಳಿಗಾಲಕ್ಕೆ ಮೊದಲು ಬೇರೊಂದು ಕೆರೆಗೆ ಹೋಗಿ ಹಕ್ಕಿ ಸಿಗದೆ ಬಂದ ಮಾವ ವಾರಗಟ್ಟಲೆ ಮನೆಯಲ್ಲಿ ಯಾರೊಂದಿಗೂ ಮಾತಾಡಿರಲಿಲ್ಲವಂತೆ. ಈ ಸಲ ಅವಳ ತವರಿನ ಹಕ್ಕಿ, ಮಾತು ಅವಳ ತಲೆಗೇ ಬರುತ್ತದೆ. "ಅಪ್ಪಾ, ಹೆಂಗರ ಮಾಡಿ ಮಾವನವ್ರಿಗೆ ಒಂದು ಫೋಟೋ ಸಿಗೂಹಂಗ ಮಾಡ್ರಿ," ಎಂದಳು. ಅವಳ ದನಿಯಲ್ಲಿದ್ದ ಅಳುಕು ಕೇಳಿ ನನಗೆ ಸಂಕಟವಾಯಿತು. ಹೆಬ್ಬಾತುಗಳ ಮೇಲೆ ನನ್ನ ಹಿಡಿತ ಎಷ್ಟೆಂದು ಅವಳಿಗೂ ಗೊತ್ತಿತ್ತು, ಪಾಪ.

ಆ ವರ್ಷ ಬೀಗರು ಬೇಗನೆ ಮರಳಬೇಕಿತ್ತು, ಅದರ ಮುನ್ನಾದಿನವೇ ಎಳ್ಳಮಾವಾಸ್ಯೆ ಬಂತು. ಅಂದು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರನ್ನ ಎಲ್ಲ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದು, ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಪೂಜಿಸುವುದು, ಆಮೇಲೆ ಎಲ್ಲ ಅಡುಗೆಯಲ್ಲೂ ತುಸು ತೆಗೆದು ಕಲಸಿ ಭೂಮಿತಾಯಿಗೆ ಚರಗ ಚೆಲ್ಲುವುದು ನಮ್ಮಲ್ಲಿಯ ಪದ್ಧತಿ. ಮುಂದಿನವನು "ಹುಲ್ಲುಲ್ಲಿಗ್ಯೋ" ಎಂದು ಕೂಗಿ ಚರಗ ಚೆಲ್ಲುತ್ತ ಹೋಗಬೇಕು, ಹಿಂದಿನವನು "ಚಲ್ಲಂಬರಿಗ್ಯೋ" ಎಂದು ಓಗೊಟ್ಟು ನೀರು ಚಿಮುಕಿಸಬೇಕು. ಅದರ ಅರ್ಥ ಏನೆಂದು ನನಗೂ ಗೊತ್ತಿಲ್ಲ, ನಮ್ಮಪ್ಪನಿಗೂ ಗೊತ್ತಿರಲಿಲ್ಲ. ದನಿ ಮಾತ್ರ ಪಕ್ಕದೂರಿಗೆ ಕೇಳಬೇಕು.

ಆ ದಿನ ಹೆಬ್ಬಾತುಗಳು ಎಂದೂ ಬಾರದಷ್ಟು ಹತ್ತಿರ, ನಮ್ಮ ಬದುವಿಗೆ ತಾಗಿದ ದಂಡೆಯ ನೀರಿನಲ್ಲೇ ಕೂತಿದ್ದವು. ಬೀಗರು ಹಸಿರು ಟೋಪಿ ಹಾಕಿಕೊಂಡು ಬದುವಿನ ಹಿಂದೆ ಬೋರಲು ಮಲಗಿದ್ದರು. ಇನ್ನಷ್ಟು ಹತ್ತಿರ ಬರುವವರೆಗೆ ಕಾಯಬೇಕು, ಅಲ್ಲಿಯವರೆಗೆ ಒಂದು ಸಪ್ಪಳವೂ ಆಗಕೂಡದು ಎಂದು ನನಗೆ ಅಪ್ಪಣೆಯಾಯಿತು. ನಾನು ಹೋಗಿ ಅವ್ವನಿಗೆ, ಈ ವರ್ಷ ಚರಗವನ್ನು ಪಿಸುಮಾತಿನಲ್ಲಿ ಚೆಲ್ಲೋಣ ಎಂದೆ. ಅವ್ವ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಉಣ್ಣಾಕ ಕರಿಯಾಕ ಪಿಸುಮಾತು ಯಾಕೋ? ನಾವೇನು ಕಳವು ಮಾಡಾಕ ಬಂದೇವೇನು?"

ಬೀಗರ ಮರ್ಯಾದೆ, ಮೊಮ್ಮಗಳ ಸಂಸಾರ ಎಂದೆಲ್ಲ ಹೇಳಿ ಕೈಕಾಲು ಹಿಡಿದ ಮೇಲೆ ಅವ್ವ ಮುಖ ತಿರುಗಿಸಿ ಕೂತಳು. ನಾನು ಬುಟ್ಟಿ ಹಿಡಿದೆ, ಅಣ್ಣ ತಂಬಿಗೆ ಹಿಡಿದ. ಬೆಕ್ಕಿನ ಹೆಜ್ಜೆ ಇಡುತ್ತ ಕಡಲೆ ಸಾಲುಗಳ ನಡುವೆ ನಾನು ಹುಲ್ಲುಲ್ಲಿಗ್ಯೋ ಎಂದು ಉಸುರಿದೆ, ಅಣ್ಣ ಹಿಂದಿನಿಂದ ಹಲ್ಲು ಕಡಿಯುತ್ತ ಚಲ್ಲಂಬರಿಗ್ಯೋ ಎಂದು ಉಸುರಿದ. ಇಬ್ಬರು ಗಂಡಾಳುಗಳು ಸ್ವಂತ ಹೊಲದಲ್ಲಿ ಹೀಗೆ ಓಡಾಡುವುದನ್ನು ದಾರಿಹೋಕರು ನಿಂತು ನೋಡಿದರು. ಭೂಮಿತಾಯಿಗೆ ಏನಾದರೂ ಕೇಳಿಸಿರಲಾರದು, ಕೇಳಿಸಿದ್ದರೆ ನಕ್ಕಿರುತ್ತಾಳೆ.

ಹಕ್ಕಿಗಳು ಇನ್ನಷ್ಟು ಹತ್ತಿರ ಬಂದವು. ಬೀಗರು ಕ್ಯಾಮೆರಾ ಕಣ್ಣಿಗೆ ಹಚ್ಚಿದರು. ಸರಿಯಾಗಿ ಆಗಲೇ, ಕೆರೆಯ ಆಚೆಯ ಹೊಲದಲ್ಲಿ ಯಾರೋ ಚರಗ ಚೆಲ್ಲುತ್ತಿದ್ದವರು ಎದೆಯ ಆಳದಿಂದ "ಹುಲ್ಲುಲ್ಲಿಗ್ಯೋ" ಎಂದು ಕೂಗಿದರು. ದೂರದ ಕೂಗು, ಹಕ್ಕಿಗಳು ಕತ್ತು ನೀಡಿದವಷ್ಟೆ, ಕದಲಲಿಲ್ಲ. ಕದಲಿದ್ದು ಬೀಗರು. ನವಲಗುಂದದ ಹೊಲದಲ್ಲಿ ಹುಡುಗರಾಗಿದ್ದಾಗ ಅಪ್ಪನ ಹಿಂದೆ ತಂಬಿಗೆ ಹಿಡಿದು ನಡೆದವರು ಅವರು. ಕೂಗು ಕಿವಿಗೆ ಬಿದ್ದದ್ದೇ ತಡ, ಗಣಿತದ ಪ್ರಾಧ್ಯಾಪಕರು ಬದುವಿನ ಹಿಂದಿನಿಂದ ಧಡಕ್ಕನೆ ಎದ್ದು ನಿಂತು, ಟೋಪಿ ಬಿದ್ದದ್ದೂ ಗೊತ್ತಿಲ್ಲದೆ, "ಚಲ್ಲಂಬರಿಗ್ಯೋ" ಎಂದು ಓಗೊಟ್ಟರು. ಅಷ್ಟು ದೊಡ್ಡ ಗಂಟಲು ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ.

ಕೆರೆಯೇ ಎದ್ದಂತೆ ಹಕ್ಕಿಗಳೆಲ್ಲ ಮೇಲೆದ್ದವು. ಬೀಗರು ಬಾಯಿ ತೆರೆದವರು ಮುಚ್ಚಲಿಲ್ಲ. ಅವ್ವ ಮೊದಲ ಸಲ ಅವರ ಕಡೆ ಪ್ರೀತಿಯಿಂದ ನೋಡಿದಳು. ನನಗಂತೂ ಮಗಳ ಮುಖವೇ ಕಣ್ಣ ಮುಂದೆ ಬಂತು. ಆದರೆ ಹಿಂಡು ದೂರ ಹೋಗಲಿಲ್ಲ. ತಲೆಯ ಮೇಲೆ ಒಂದು ಸುತ್ತು ಹಾಕಿ, ಕೊಂಕ್ ಕೊಂಕ್ ಎನ್ನುತ್ತ, ಪರಿಚಯದ ಮನೆಗೆ ಬಂದಷ್ಟು ಸಲೀಸಾಗಿ ನಮ್ಮ ಕಡಲೆ ಹೊಲದ ಆ ತುದಿಗೆ ಇಳಿಯಿತು. ಬೀಗರು ಟೋಪಿ ಹುಡುಕಿಕೊಂಡು, ಮೊಣಕೈಯ ಮೇಲೆ ತೆವಳುತ್ತ ಹೋದರು. ಅವು ಮೇಯ್ದವು, ಇವರು ಕ್ಯಾಮೆರಾ ಒತ್ತಿದರು. ಅಣ್ಣ ಕೈಯಲ್ಲಿದ್ದ ಖಾಲಿ ತಂಬಿಗೆಯನ್ನು ನೋಡಿದ, ಒಂದು ಕಲ್ಲು ನೋಡಿದ, ನನ್ನನ್ನು ನೋಡಿದ. ನಾನು ತಲೆ ಅಲ್ಲಾಡಿಸಿದೆ. ನಮ್ಮ ಕಡಲೆ ಹೋಗುತ್ತಿರುವುದನ್ನು ಅಷ್ಟು ಶಾಂತವಾಗಿ ನಾವು ಎಂದೂ ನೋಡಿರಲಿಲ್ಲ.

ಚಿತ್ರ ಬಹಳ ಚೆನ್ನಾಗಿ ಬಂತು. ಮಗಳ ಮಾವ ಮನೆಗೆ ಹೋಗಿ ನಗುನಗುತ್ತ ಊಟ ಮಾಡಿದರೆಂದು ಫೋನಿನಲ್ಲಿ ಹೇಳುವಾಗ ಅವಳ ದನಿ ಹಗುರಾಗಿತ್ತು. ಜೊತೆಗೆ ಇನ್ನೊಂದು ಮಾತು ಕೇಳಿದಳು. ಹಕ್ಕಿ ಕೂತಾಗ ನಾನು ಹಾಗೇಕೆ ಕೂಗಿಕೊಂಡೆ ಎಂದು. ಧಾರವಾಡದಲ್ಲಿ ಬೀಗರು ಹೇಳುತ್ತಿರುವ ಕತೆಯಲ್ಲಿ ಕೂಗಿದವನು ನಾನಂತೆ. ಪಾಪ, ಹಳ್ಳಿಯ ಅಭ್ಯಾಸ, ತಡೆಯಲಾಗಲಿಲ್ಲ ಎಂದು ಅವರು ನನ್ನ ಪರವಾಗಿ ಎಲ್ಲರ ಮುಂದೆ ದೊಡ್ಡ ಮನಸ್ಸು ತೋರಿಸುತ್ತಿದ್ದಾರಂತೆ. ಬೀಗರ ಗಂಟಲನ್ನು ಬೀಗರದೇ ಎಂದು ಹೇಳುವುದು ನಮ್ಮ ಪದ್ಧತಿಯಲ್ಲಿಲ್ಲ. ನನ್ನದೇ ಎಂದು ಒಪ್ಪಿಕೊಂಡೆ. ಇಂದಿಗೂ ಧಾರವಾಡದ ಯಾವ ಮದುವೆಗೆ ಹೋದರೂ ಅವರ ಗೆಳೆಯರು ನನ್ನನ್ನು ಕಂಡು, ಇವರೇ ಅಲ್ಲವೇ ಎಂದು ಗುರುತು ಹಿಡಿಯುತ್ತಾರೆ. ಮುಂದಿನ ಸಲ ಬಂದಾಗ ಬೀಗರು ಆ ಚಿತ್ರಕ್ಕೆ ಕಟ್ಟು ಹಾಕಿಸಿ ತಂದರು, ಜೊತೆಗೆ ತಮ್ಮ ಹಳೆಯ ದುರ್ಬೀನನ್ನು ನನಗೆ ಉಡುಗೊರೆ ಕೊಟ್ಟರು. ಅದರಿಂದಾದರೂ ನಾನು ಮೌನ ಕಲಿಯಲೆಂದು ಇರಬೇಕು.

ಈ ಚಳಿಗಾಲ ಬೀಗರಿಗೆ ಮೊಣಕಾಲು ನೋವು, ಬರುವುದಿಲ್ಲವೆಂದು ಹೇಳಿ ಕಳಿಸಿದರು. ನನ್ನಾಕೆ ಅಂದೇ ಮನೆ ತುಂಬ ಘಾಟೇಳುವಂತೆ ಒಗ್ಗರಣೆ ಕೊಟ್ಟಳು. ಅಣ್ಣ ಅಟ್ಟ ಹತ್ತಿ ಡಬ್ಬಿ ಇಳಿಸಿ, ಧೂಳು ಒರೆಸಿ, ಮರುದಿನ ಮುಂಜಾನೆ ನನ್ನನ್ನೂ ಹೊಲಕ್ಕೆ ಕರೆಸಿಕೊಂಡ. ಇಷ್ಟು ವರ್ಷದ ಸಿಟ್ಟನ್ನು ತೀರಿಸಿಕೊಳ್ಳುವಾಗ ಸಾಕ್ಷಿಗೆ ಒಬ್ಬ ಬೇಕಲ್ಲ. ನಾವು ಹೋದಾಗ ಹೆಬ್ಬಾತುಗಳು ಆ ತುದಿಯಲ್ಲಿ ಸಾಲಾಗಿ ಮೇಯುತ್ತಿದ್ದವು. ಎಳೆ ಬಿಸಿಲಿಗೆ ಅವುಗಳ ತಲೆಯ ಕಪ್ಪು ಪಟ್ಟೆಗಳು ಒಂದೊಂದೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅಣ್ಣ ಬಡಿಗೆ ಎತ್ತಿದ. ಆಮೇಲೆ ಎತ್ತಿದ ಕೈಯನ್ನು ಹಾಗೆಯೇ ಹಿಡಿದು ನನ್ನ ಎದೆಯ ಕಡೆ ನೋಡಿದ.

"ಬೀಗರು ಬರೂದಿಲ್ಲ ಅಂತ ನೀನ ಅಂದೀದಿ. ಮತ್ತ ಈ ದುರ್ಬೀನು ಯಾರ ಸಲುವಾಗಿ ಕೊಳ್ಳಾಗ ಹಾಕ್ಕೊಂಡು ಬಂದೀಯೋ ತಮ್ಮಾ?"

ಅವನಿಗೆ ಏನಾದರೂ ಉತ್ತರ ಕೊಡಬೇಕಿತ್ತು. ಆದರೆ ಅವನ ದನಿ ಸ್ವಲ್ಪ ದೊಡ್ಡದಾಯಿತು, ಹತ್ತಿರದ ಒಂದು ಹಕ್ಕಿ ಆಗಲೇ ಕತ್ತು ನೀಡಿತ್ತು. ನಾನು ತೋರುಬೆರಳನ್ನು ತುಟಿಯ ಮೇಲಿಟ್ಟು ಅಣ್ಣನ ಕಡೆ ಕಣ್ಣು ಅರಳಿಸಿದೆ.