ಬಾಣ ಕಾಯುವ ಮಾವ

ನನ್ನ ಸೋದರಮಾವನಷ್ಟು ಪ್ರಾಮಾಣಿಕರು ನಿಮ್ಮ ಮನೆಯಲ್ಲೂ ಒಬ್ಬರಿದ್ದರೆ, ದಯವಿಟ್ಟು ಅವರನ್ನು ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಹತ್ತಿರ ಬಿಡಬೇಡಿ. ನಾನು ಬಿಟ್ಟು ಕೆಟ್ಟೆ!

ಎಂಬತ್ತರ ದಶಕದ ಮಾತು. ಜಯನಗರದ ನಮ್ಮ ಕ್ಲಬ್ಬಿನಲ್ಲಿ ಇಬ್ಬರು ಒಟ್ಟಿಗೆ ಬಾಲ್ ಹಿಡಿದು ಜಗ್ಗಾಡಿದರೆ, ರೆಫರಿ ಅದನ್ನು ಇಬ್ಬರ ನಡುವೆ ಮೇಲಕ್ಕೆ ಎಸೆಯುತ್ತಿದ್ದರು. ಉದ್ದ ಇದ್ದವನಿಗೆ ಬಾಲು, ನನ್ನಂಥ ಕುಳ್ಳನಿಗೆ ಮೊಣಕೈ ಏಟು. ಮಾವನಿಗೆ ಇದು ಘೋರ ಅನ್ಯಾಯವೆನಿಸಿತು. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ವಿದೇಶಿ ಪತ್ರಿಕೆಯೊಂದರಲ್ಲಿ ಪರಿಹಾರವನ್ನೂ ಕಂಡುಕೊಂಡರು: ಸ್ಕೋರರ್ ಮೇಜಿನ ಮೇಲೊಂದು ಬಾಣ! ಅದು ಯಾವ ತಂಡದ ಕಡೆ ತೋರಿಸುತ್ತದೋ ಬಾಲ್ ಅವರಿಗೆ. ಕೊಟ್ಟ ಮೇಲೆ ಬಾಣವನ್ನು ಇನ್ನೊಂದು ತಂಡದ ಕಡೆ ತಿರುಗಿಸಬೇಕು. ಸರದಿ ಪ್ರಕಾರ, ಅಷ್ಟೇ.

ಅಷ್ಟೇ ಆಗಿದ್ದರೆ ನಾನೇಕೆ ಗೋಳಾಡುತ್ತಿದ್ದೆ? ಮಾವ ಪ್ಲೈವುಡ್ಡಿನಲ್ಲಿ ಬಾಣ ಕೊಯ್ದು, ಕೆಂಪು ಬಣ್ಣ ಬಳಿದು, ಕ್ಲಬ್ಬಿನವರನ್ನು ಒಪ್ಪಿಸಿ, ತಾವೇ ಅದರ ಮುಂದೆ ಕೂತರು. ಗಾಳಿಗೆ ಎಲ್ಲಿ ತಿರುಗಿಬಿಡುತ್ತದೋ ಎಂದು ಎರಡೂ ಕೈಯಲ್ಲಿ ಅದುಮಿ ಹಿಡಿಯುತ್ತಿದ್ದರು. ವಿರಾಮದಲ್ಲಿ ಕಾಫಿ ಕೊಡಲು ಹೋದರೆ, "ಡ್ಯೂಟಿಲಿದೀನಿ ಕಣೋ, ನೀನೇ ಕುಡಿಸು" ಎಂದರು. ಕುಡಿಸಿದೆ! ಇಡೀ ಬ್ಲಾಕಿನ ಜನ ನೋಡುತ್ತಿದ್ದರು.

ಇನ್ನೊಂದು ದಿನ, ವಿರಾಮದ ನಂತರ ತಂಡಗಳು ಕೋರ್ಟಿನಲ್ಲಿ ಬದಿ ಬದಲಿಸಿಕೊಂಡವು. ಬಾಣವೂ ತಿರುಗಬೇಕಲ್ಲ?

"ತಿರುಗ್ಸಿದೀನಿ ಮೇಡಂ" ಎಂದರು ಮಾವ.

"ಅಯ್ಯೋ, ನಾನೂ ತಿರುಗ್ಸಿದೆ ಸಾರ್!" ಎಂದರು ಸ್ಕೋರ್ ಬರೆಯುವಾಕೆ.

"ಹಾಗಾದ್ರೆ ಒಟ್ನಲ್ಲಿ ಯಾರೂ ತಿರುಗ್ಸಿಲ್ಲ" ಎಂದು ರೆಫರಿ ತಲೆ ಮೇಲೆ ಕೈಯಿಟ್ಟುಕೊಂಡರು.

ಆಮೇಲೆ ಬಂತು ಫೈನಲ್. ಎದುರಾಳಿಗಳು ಇಟ್ಟಮಡುವಿನವರು. ನಾವು ಒಂದು ಪಾಯಿಂಟ್ ಹಿಂದೆ, ಉಳಿದದ್ದು ಹತ್ತೇ ಸೆಕೆಂಡು. ಅವರ ಕಂಬದಂಥ ಹುಡುಗನ ಕೈಯಲ್ಲಿ ಬಾಲ್. ನಾನು ಹಾರಿ ಅದಕ್ಕೆ ಜೋತುಬಿದ್ದೆ. ಅವನು ಕೊಡವಿದರೂ ಬಿಡಲಿಲ್ಲ. ರೆಫರಿ ಸೀಟಿ ಊದಿದರು. ನೋಡಿದರೆ ಬಾಣ ನಮ್ಮ ಕಡೆ! ನಮ್ಮವರೆಲ್ಲ ಕುಣಿದರು. ಎದುರಾಳಿಗಳೂ ಹಿಂದೆ ಸರಿದರು.

ಆಗ ಮಾವ ಎದ್ದು ನಿಂತರು.

"ಸಾರ್, ಒಂದ್ನಿಮಿಷ. ಹೋದ್ಸಲ ನಮ್ಮ ಹುಡುಗರಿಗೆ ಬಾಲ್ ಕೊಟ್ಮೇಲೆ ಬಾಣ ತಿರುಗ್ಸೋದು ಮರ್ತ್‌ಬಿಟ್ಟೆ. ಇದು ಅವರ್ದು."

"ಮಾವ, ಕೂತ್ಕೊಳ್ಳಿ!" ಎಂದು ಕಿರುಚಿದೆ. ಕೂರಲಿಲ್ಲ. ಸೋತೆವು.

ಬಸ್ ಸ್ಟಾಪಿನವರೆಗೂ ನಾನು ಅವರ ಮುಖ ನೋಡಲಿಲ್ಲ. ಅಲ್ಲಿ ಅವರು ಮೆಲ್ಲಗೆ ಕೇಳಿದರು:

"ಅಷ್ಟು ಉದ್ದದವನ ಹತ್ರ ಬಾಲ್ ಹೆಂಗೋ ಹಿಡ್ಕೊಂಡೆ? ಈ ಬಾಣ ಕಾಯೋದ್ರಲ್ಲಿ ನಿನ್ನಾಟ ಒಂದಿನಾನೂ ಸರಿಯಾಗಿ ನೋಡ್ಲಿಲ್ಲ ಕಣೋ. ತೋರ್ಸು."

ಅವರ ಬಟ್ಟೆಚೀಲವನ್ನು ಎತ್ತಿ ಹಿಡಿಯಲು ಹೇಳಿದೆ. ಹಾರಿ ಹಿಡಿದು ತೋರಿಸಿದೆ. ಅಷ್ಟರಲ್ಲಿ ನಮ್ಮ ಬನಶಂಕರಿ ಬಸ್ಸು ಬಂತು, ಹೋಯಿತು. ಮಾವ ತುದಿಗಾಲಲ್ಲಿ ನಿಂತು, ಚೀಲವನ್ನು ಮತ್ತಷ್ಟು ಎತ್ತರಕ್ಕೆ ಹಿಡಿದು, "ಇನ್ನೊಂದ್ಸಲ" ಎಂದರು.