ಸೆಂಟು ಮೂಸಿ ಗುಣ ಹೇಳಾಕ ಹೋಗಿ

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಸಣ್ಣ ಅಂಗಡಿ. ಹಣೆಗಿಡುವ ಟಿಕಳಿ, ಪೌಡರಿನ ಜೊತೆಗೆ ಹೂವಿನ ಸೆಂಟೂ ಮಾರುತ್ತೇವೆ. ಯಾರು ಯಾವ ಸೆಂಟು ಹಚ್ಚುತ್ತಾರೆ ಅನ್ನೋದರ ಮೇಲೆ ಅವರ ಗುಣ ಹೇಳಬಹುದು ಅಂತ ನನ್ನ ನಂಬಿಕೆ. ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಇದರ ಮೇಲೆ ಎಳ್ಳಷ್ಟೂ ವಿಶ್ವಾಸ ಇಲ್ಲ. ದೇವರೂ ಅವರ ಕಡೆಯೇ ಇದ್ದಾನೋ ಏನೋ, ನಾನು ಒಬ್ಬರ ಗುಣ ಹೇಳಿ ಬಾಯಿ ಮುಚ್ಚುವುದರೊಳಗೆ ಎದೆ ಧಸಕ್ಕೆನ್ನುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ.

ಸುಗಂಧರಾಜದ ಅಕ್ಕೋರು

ಸಾಲಿ ಕಲಿಸುವ ಅಕ್ಕೋರೊಬ್ಬರು ನಮ್ಮ ಕಾಯಂ ಗಿರಾಕಿ. ಸುಗಂಧರಾಜ ಬಿಟ್ಟು ಬೇರೆ ಸೆಂಟು ಮುಟ್ಟುವವರಲ್ಲ. ಅದೂ ಕಿವಿಯ ಹಿಂದೆ ಒಂದೇ ಹನಿ. ಅವರ ಮಾತು ಕೇಳಿಸಬೇಕಾದರೆ ನಾನು ಗಲ್ಲಾದ ಮೇಲಿಂದ ಬಗ್ಗಬೇಕು. ಈ ಸೆಂಟು ಹಚ್ಚುವವರಿಗೆ ಬೈಯೋದಕ್ಕೂ ಬರೋದಿಲ್ಲ ಅಂತ ಮನೆಯವರಿಗೆ ಹೇಳಿದೆ.

ಮುಂದಿನ ವಾರವೇ ರಾಯಬಾಗದ ಬಸ್ಸು ಹತ್ತಿದಾಗ ಮುಂದಿನ ಸೀಟಿನಲ್ಲಿ ಅಕ್ಕೋರು ಕೂತಿದ್ದರು. ದೊಡ್ಡ ಮೀಸೆಯ ಮನುಷ್ಯನೊಬ್ಬ ಬಂದು, ಕಿಟಕಿಯಿಂದ ಟಾವೆಲ್ ಒಗೆದು ಈ ಸೀಟು ಹಿಡಿದವನು ತಾನು, ಎದ್ದೇಳಿ ಅಂದ. ಅಕ್ಕೋರು ಮೆಲ್ಲಗೆ ಆಗೋದಿಲ್ಲ ಅಂದರು. ಹೆಣ್ಣುಮಕ್ಕಳಿಗೆ ಹೇಳಿದರೆ ತಿಳಿಯೋದಿಲ್ಲ ಅಂತ ಅವನು ಗೊಣಗಿದ.

ಆಮೇಲೆ ಅಕ್ಕೋರ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕನ್ನಡದಲ್ಲಿ ಶುರುವಾಗಿ ಮರಾಠಿಗೆ ದಾಟಿ, ಅವನ ಟಾವೆಲ್ಲು, ಮೀಸೆ, ಮನೆತನ ಯಾವುದನ್ನೂ ಬಿಡದೆ ತಿರುಗಿ ಕನ್ನಡಕ್ಕೆ ಬಂತು. ಏನೋ ಅನಾಹುತವಾಯಿತೆಂದು ಡ್ರೈವರ್ ಬಸ್ಸು ನಿಲ್ಲಿಸಿಬಿಟ್ಟ. ಹಿಂದೆ ಸೀಟು ಖಾಲಿ ಇದ್ದರೂ ಆ ಮನುಷ್ಯ ರಾಯಬಾಗದ ತನಕ ನಿಂತೇ ಬಂದ.

ಇಳಿಯುವಾಗ ಅಕ್ಕೋರು ನನ್ನನ್ನು ಕಂಡು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ, "ಬರ್ತೀನ್ರಿ ಅಕ್ಕಾರ" ಅಂದರು. ನಾನು ಎದ್ದು ನಿಂತು ಕೈ ಮುಗಿದೆ.

ಗುಲಾಬಿ ಹಚ್ಚಿದ ವರ

ಅಕ್ಕೋಳದಲ್ಲಿ ನಮ್ಮ ಅಣ್ಣನ ಮಗಳನ್ನು ನೋಡಲು ತೆಲಸಂಗದಿಂದ ವರ ಬಂದ. ಅವನು ಹೊಸ್ತಿಲು ದಾಟುವ ಮೊದಲೇ ಗುಲಾಬಿ ಅತ್ತರು ಒಳಗೆ ಬಂತು. ಇಷ್ಟು ಹೊಯ್ದುಕೊಂಡವನು ಬಡಾಯಿಯವನೇ ಸೈ, ಈ ಸಂಬಂಧ ಬೇಡ ಅಂತ ಅತ್ತಿಗೆಯ ಕಿವಿಯಲ್ಲಿ ಹೇಳಿದೆ.

ಮೂಲೆಯಲ್ಲಿ ನಮ್ಮವ್ವ ತೂಕಡಿಸುತ್ತಿದ್ದಳು. ಅವಳಿಗೆ ಕಣ್ಣು ಅಷ್ಟಕ್ಕಷ್ಟೆ, ಮೂಗು ಮಾತ್ರ ಚುರುಕು. ಅವಳು ಅಷ್ಟೊಂದು ಗುಲಾಬಿ ಅತ್ತರಿನ ವಾಸನೆ ನೋಡಿದ್ದು ಸತ್ತವರ ಮನೆಯಲ್ಲಿ ಮಾತ್ರ. ದಡಕ್ಕನೆ ಎಚ್ಚರವಾದವಳೇ ಎದೆ ಬಡಿದುಕೊಂಡು, ಹಾಡಿಕೊಂಡು ಅಳಲು ಶುರುಮಾಡಿದಳು. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಓಡಿಬಂದರು. ಒಬ್ಬಾಕೆ ಅಳುತ್ತಲೇ ಹೆಣ ಎಲ್ಲಿ ಮಲಗಿಸಿದ್ದೀರಿ ಅಂತ ವರನನ್ನೇ ಕೇಳಿದಳು.

ಅಪಶಕುನವಾಯಿತು ಅಂತ ವರನ ಅಪ್ಪ ಚಪ್ಪಲಿ ಹುಡುಕತೊಡಗಿದರು. ಹುಡುಗ ಮಾತ್ರ ಹೋಗಿ ಅವ್ವನ ಪಕ್ಕ ಕೂತ. ಅವಳ ಅಂಗೈಯನ್ನು ತನ್ನ ಮೂಗಿನ ಕೆಳಗೆ ಹಿಡಿದು, "ಯಾರೂ ಹೋಗಿಲ್ಲಬೇ ಅಜ್ಜಿ. ಅತ್ತರ ಹಚ್ಚಿದಾಂವ ನಾನು. ಉಸರ ಆಡಾಕತ್ತೈತಿ ನೋಡು" ಅಂದ.

ಬಾಗಿಲ ಹಿಂದಿದ್ದ ಹುಡುಗಿ ಗೊಳ್ಳೆಂದು ನಕ್ಕಳು. ಆ ನಗುವಿನಲ್ಲೇ ಸಂಬಂಧ ಕುದುರಿತು. ಅವ್ವನದು ಒಂದೇ ಶರತ್ತು. "ಲಗ್ನದಾಗ ಅದನ್ನ ಹಚಗೊಂಡ ಬರಬ್ಯಾಡಪಾ, ಇವತ್ತಿನ ಅಳು ನನಗ ಇನ್ನೂ ಅರ್ಧಾ ಬಾಕಿ ಐತಿ."

ಮೊಗ್ರಾ ಪೈಲ್ವಾನರು

ಅಂಕಲಿಯ ಪೈಲ್ವಾನರೊಬ್ಬರು ಅಂಗಡಿಗೆ ಬಂದರು. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಂಥ ಆಳು. ಮಲ್ಲಿಗೆ ವಾಸನೆಯ ಮೊಗ್ರಾ ಸೆಂಟು ಬೇಕು ಅಂದರು. ನಿಮ್ಮ ಮನೆಯವರಿಗೇನು ಅಂತ ಕೇಳಿದರೆ, ಅಲ್ಲ, ತನಗೇ ಅಂದರು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಳಂತೆ. ಮುಂಗೈಗೆ ಹಚ್ಚಿ, ಮೂಸಿ, ಕಣ್ಣು ಮುಚ್ಚಿ, "ಥೇಟ್ ನಮ್ಮಾಕಿ ವಾಸನಿ" ಅಂದರು.

ನನ್ನ ಕಣ್ಣಲ್ಲಿ ನೀರೇ ಬಂತು. ಅಷ್ಟು ದೊಡ್ಡ ದೇಹದಲ್ಲಿ ಎಂಥ ಹೂವಿನಂಥ ಮನಸ್ಸು, ಹೆಂಡತಿಯ ನೆನಪಿಗೆ ಅವಳ ಸೆಂಟು ಹಚ್ಚುತ್ತಾರೆ ಅಂತ ಮನೆಯವರಿಗೆ ಹೇಳಿದೆ. ಅವರೂ ಆವತ್ತು ತಕರಾರು ಮಾಡಲಿಲ್ಲ.

ಕೆಲವು ದಿನದ ಮೇಲೆ ಅಂಕಲಿಯಲ್ಲಿ ಬೀಗರ ಮನೆಗೆ ಹೋಗಿದ್ದೆವು. ಹೊತ್ತು ಮುಳುಗುವ ಸುಮಾರಿಗೆ, ಪೈಲ್ವಾನರನ್ನು ಮಾತಾಡಿಸಿ ಬರೋಣ ಅಂತ ಅವರ ಮನೆ ಕಡೆ ನಡೆದೆವು. ಅಂಗಳದಲ್ಲಿ ಕೆಂಪು ಸೀರೆಯ ಹೆಂಗಸೊಬ್ಬಳು ತಲೆ ತುಂಬ ಸೆರಗು ಹೊದ್ದು, ಬೆನ್ನು ತಿರುಗಿಸಿ ಎಮ್ಮೆ ಹಿಂಡುತ್ತಿದ್ದಳು. ಬೆನ್ನು ಸ್ವಲ್ಪ ಹೆಚ್ಚೇ ಅಗಲ ಅನಿಸಿತು. "ಪೈಲ್ವಾನ್ರು ಅದಾರೇನ್ರಿ ಅಕ್ಕಾರ?" ಅಂದೆ.

ಸೆರಗು ತಿರುಗಿತು. ಒಳಗೆ ಪೈಲ್ವಾನರ ಮೀಸೆ ಇತ್ತು.

ನಾನು ಕಂಬ ಹಿಡಿದೆ. ಮನೆಯವರು ನನ್ನನ್ನು ಹಿಡಿದರು. ಪೈಲ್ವಾನರು ಹಿಂಡುವುದನ್ನು ನಿಲ್ಲಿಸದೆ ಪಿಸುಮಾತಿನಲ್ಲೇ ಹೇಳಿದರು: ಹೆಂಡತಿ ಹೋದಾಗಿನಿಂದ ಎಮ್ಮೆ ಬೇರೆಯವರಿಗೆ ಹಾಲು ಬಿಡುತ್ತಿರಲಿಲ್ಲ. ಅವಳ ಸೀರೆ ಉಟ್ಟು ಕೂತರೂ ಮೂಸಿ ನೋಡಿ ಒದ್ದಿತು. ಮೊಗ್ರಾ ಹಚ್ಚಿದ ಮೇಲೆ ಸುಮ್ಮನೆ ನಿಂತಿದೆ.

ಮನೆಯವರು ನಗು ತಡೆಯಲಾಗದೆ, ಎಷ್ಟೋ ಕುಸ್ತಿ ಗೆದ್ದ ಗಂಡಸಿಗೆ ಇದೆಂಥ ಗತಿ ಅಂತ ಗಟ್ಟಿಯಾಗಿ ಶುರುಮಾಡಿದರು. ಪೈಲ್ವಾನರು ಗಾಬರಿಯಾಗಿ ಮೀಸೆಯ ಮೇಲೆ ಬೆರಳಿಟ್ಟರು.

"ಸಣ್ಣಗ ಮಾತಾಡ್ರಿ ಮಾರಾಯ್ರ. ನಾ ಗಂಡಸು ಅಂತ ಎಮ್ಮಿಗೆ ಇನ್ನ ಗೊತ್ತಾಗಿಲ್ಲ."